ಮಾರಾಟಕ್ಕೆ ಸೋಪು ಕತ್ತರಿಸುವುದು: ಹದ ನೋಡಿ, ತೂಗಿ, ಆಮೇಲೆ ಕೈ ಹಾಕಿ

ಮಾರಾಟಕ್ಕೆಂದು ಸೋಪು ಮಾಡಲು ಶುರು ಮಾಡಿದಾಗ ನನ್ನ ಗಮನವೆಲ್ಲ ಎಣ್ಣೆಯ ಲೆಕ್ಕ, ಪರಿಮಳ, ಬಣ್ಣ ಇವುಗಳ ಮೇಲೇ ಇತ್ತು. ಕತ್ತರಿಸುವುದು ದೊಡ್ಡ ಕೆಲಸ ಅಂತ ಅನ್ನಿಸಿರಲೇ ಇಲ್ಲ. ಚಾಕು ಇದೆ, ಕತ್ತರಿಸಿದರಾಯಿತು ಅಂದುಕೊಂಡಿದ್ದೆ. ಮೊದಲ ದಿಮ್ಮಿಯಿಂದ, ಅಂದರೆ ಅಚ್ಚಿನಿಂದ ಇಡಿಯಾಗಿ ಹೊರಗೆ ಬಂದ ಉದ್ದನೆಯ ಸೋಪಿನಿಂದ, ಹತ್ತು ಬಾರ್ ಬಂದವು. ತೂಗಿ ನೋಡಿದರೆ ಒಂದು 94 ಗ್ರಾಂ, ಇನ್ನೊಂದು 131 ಗ್ರಾಂ! ಎರಡನ್ನೂ ಒಂದೇ ಬೆಲೆಗೆ ಕೊಡಲು ಮನಸ್ಸು ಬರಲಿಲ್ಲ. ಕೊಳ್ಳುವವರು ಎರಡನ್ನೂ ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗದೆ ಇರುವುದಿಲ್ಲ.

ಆಮೇಲೆ ಚಾಕು ಬದಲಾಯಿಸಿದೆ, ತಂತಿಯ ಕಟರ್ ತಂದೆ. ಅವು ಸಹಾಯ ಮಾಡಿದ್ದು ನಿಜ. ಆದರೆ ನಿಜವಾಗಿ ಕೆಲಸ ಸುಧಾರಿಸಿದ್ದು ಎರಡು ಅಭ್ಯಾಸಗಳಿಂದ. ಒಂದು, ಗಡಿಯಾರ ನೋಡದೆ ಹದ ನೋಡಿ ಕತ್ತರಿಸುವುದು. ಇನ್ನೊಂದು, ಕಣ್ಣಳತೆ ಬಿಟ್ಟು ದಿಮ್ಮಿಯನ್ನು ಮೊದಲೇ ತೂಗಿ ದಪ್ಪ ಲೆಕ್ಕ ಹಾಕುವುದು. ಈ ಎರಡು ಸರಿಯಾದರೆ ಸಾಧಾರಣ ಚಾಕುವಿನಿಂದಲೂ ಚೆನ್ನಾಗಿ ಕತ್ತರಿಸಬಹುದು.

ಇಲ್ಲಿ ಹೇಳುತ್ತಿರುವುದು ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ, ಬೇಯಿಸದೆ ಮಾಡುವ ಕೋಲ್ಡ್ ಪ್ರೋಸೆಸ್ ಸೋಪಿನ ಬಗ್ಗೆ. ರೆಡಿಮೇಡ್ ಬೇಸ್ ಕರಗಿಸಿ ಮಾಡುವ ಸೋಪಿಗೆ ಹದದ ತಲೆನೋವು ಅಷ್ಟಿಲ್ಲ. ಅದು ಪೂರ್ತಿ ಆರಿದ ಮೇಲೆ ಯಾವಾಗ ಬೇಕಾದರೂ ಕತ್ತರಿಸಬಹುದು.

ಸುರಿಯುವಾಗಲೇ ನೋಡಿಕೊಳ್ಳಬೇಕಾದದ್ದು

ಅಚ್ಚು ಓರೆಯಾಗಿದ್ದರೆ ದಿಮ್ಮಿಯ ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು. ಆಮೇಲೆ ನೀವು ಎಷ್ಟೇ ಸಮ ದಪ್ಪಕ್ಕೆ ಕತ್ತರಿಸಿ, ತೂಕ ಒಂದೇ ಬರುವುದಿಲ್ಲ. ಹಾಗಾಗಿ ಸೋಪು ಸುರಿಯುವ ಮುಂಚೆ ಮೇಜಿನ ಮೇಲೆ ರಸಮಟ್ಟ ಇಟ್ಟು ನೋಡಿ. ತಗ್ಗಿದ್ದ ಕಡೆ ಅಚ್ಚಿನ ಕೆಳಗೆ ರಟ್ಟಿನ ತುಂಡು ಕೊಟ್ಟರೆ ಸಾಕು.

ಸಿಲಿಕೋನ್ ಅಚ್ಚು ಬಳಸುವವರಿಗೆ ಇನ್ನೊಂದು ತೊಂದರೆ ಇದೆ. ಸೋಪಿನ ಭಾರಕ್ಕೆ ಅದರ ಉದ್ದನೆಯ ಗೋಡೆಗಳು ಹೊರಗೆ ಉಬ್ಬುತ್ತವೆ. 75 ಮಿ.ಮೀ. ಅಗಲದ ಅಚ್ಚು ನಡುವಿನಲ್ಲಿ ಎರಡೂ ಕಡೆ 3 ಮಿ.ಮೀ. ಉಬ್ಬಿದರೆ, ತುದಿಯ ಬಾರ್ 120 ಗ್ರಾಂ ಇದ್ದಾಗ ನಡುವಿನದು ಹೆಚ್ಚುಕಡಿಮೆ 130 ಗ್ರಾಂ ಆಗುತ್ತದೆ. ದಪ್ಪ ಎರಡಕ್ಕೂ ಒಂದೇ! ಕಟರ್ ಸರಿಯಿಲ್ಲ ಅಂತ ಬೈದುಕೊಳ್ಳುವವರಲ್ಲಿ ತುಂಬ ಜನರ ತೊಂದರೆ ಇದೇ ಇರುತ್ತದೆ. ಸಿಲಿಕೋನ್ ಅಚ್ಚನ್ನು ಬಿಗಿಯಾಗಿ ಕೂರುವ ಮರದ ಪೆಟ್ಟಿಗೆಯೊಳಗೆ ಇಡಿ. ಪೆಟ್ಟಿಗೆ ಇಲ್ಲದಿದ್ದರೆ ಎರಡೂ ಬದಿಗೆ ಹಲಗೆ ಕೊಟ್ಟು ಕಟ್ಟಿದರೂ ಆಗುತ್ತದೆ.

ಮೇಲ್ಭಾಗದಲ್ಲಿ ಚಮಚದಿಂದ ಅಲೆ, ಗುಡ್ಡ ಮಾಡಿ ಅಲಂಕರಿಸುವವರು ಅದನ್ನು ಉದ್ದಕ್ಕೂ ಒಂದೇ ರೀತಿ ಮಾಡಿ. ಒಂದು ಕಡೆ ಎತ್ತರದ ಗುಡ್ಡ, ಇನ್ನೊಂದು ಕಡೆ ಹಳ್ಳ ಇದ್ದರೆ ಅದೆಲ್ಲ ತೂಕದಲ್ಲೇ ಕಾಣುತ್ತದೆ.

ಹದ

ಸುರಿದು ಎಷ್ಟು ಗಂಟೆ ಬಿಟ್ಟು ಕತ್ತರಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. 24ರಿಂದ 48 ಗಂಟೆ ಅಂತ ಸಾಮಾನ್ಯವಾಗಿ ಹೇಳುವುದುಂಟು. ಆ ಲೆಕ್ಕ ಹಲವು ಸೋಪುಗಳಿಗೆ ಸರಿ, ಹಲವಕ್ಕೆ ಪೂರ್ತಿ ತಪ್ಪು. ಯಾಕೆಂದರೆ ಗಟ್ಟಿಯಾಗುವ ವೇಗ ಎಣ್ಣೆಯ ಮೇಲೆ ನಿಂತಿದೆ.

ತೆಂಗಿನೆಣ್ಣೆ ಜಾಸ್ತಿ ಇರುವ ಸೋಪು ಬೇಗ ಗಟ್ಟಿಯಾಗುತ್ತದೆ. ಬರೀ ಗಟ್ಟಿಯಲ್ಲ, ಪೆಡಸಾಗುತ್ತದೆ. ಪೂರ್ತಿ ತೆಂಗಿನೆಣ್ಣೆಯದಾದರೆ ಅದೇ ದಿನ, ಸುರಿದು 12 ಗಂಟೆ ಕಳೆಯುವುದರೊಳಗೆ ಕತ್ತರಿಸಿಬಿಡಿ. ಮಾರನೆಯ ದಿನ ಚಾಕು ಇಟ್ಟರೆ ಮೂಲೆಗಳು ಚಕ್ಕೆ ಎದ್ದು ಬರುತ್ತವೆ. ಉಪ್ಪು ಬೆರೆಸಿದ ಸೋಪಿನದು ಇನ್ನೂ ಅವಸರ. ಅದನ್ನು ಸುರಿದ ಕೆಲವೇ ಗಂಟೆಗಳಲ್ಲಿ, ಇನ್ನೂ ಬೆಚ್ಚಗಿರುವಾಗಲೇ ಕತ್ತರಿಸಬೇಕು. ಒಂದು ಸಲ ರಾತ್ರಿ ಸುರಿದು ಮಲಗಿಬಿಟ್ಟಿದ್ದೆ. ಬೆಳಗ್ಗೆ ಎದ್ದು ಚಾಕು ಒತ್ತಿದರೆ ದಿಮ್ಮಿ ಸೀಳು ಬಿಟ್ಟು ಮೂರು ಚೂರಾಯಿತು. ಈಗ ಉಪ್ಪಿನ ಸೋಪನ್ನು ಒಂದೊಂದು ಬಾರ್‌ಗೆ ಬೇರೆ ಬೇರೆ ಕುಳಿ ಇರುವ ಅಚ್ಚಿನಲ್ಲೇ ಸುರಿಯುತ್ತೇನೆ. ಅದಕ್ಕೆ ಕತ್ತರಿಸುವ ಗೊಡವೆಯೇ ಬೇಡ.

ಆಲಿವ್ ಎಣ್ಣೆ ಜಾಸ್ತಿ ಇದ್ದರೆ ಇದಕ್ಕೆ ಉಲ್ಟಾ. ಎರಡು ಮೂರು ದಿನ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಅಂಟಂಟಾಗಿಯೇ ಇರುತ್ತದೆ. ಜೆಲ್ ಹಂತಕ್ಕೆ ಹೋದ ಸೋಪು, ಅಂದರೆ ಒಳಗಿನ ಬಿಸಿಗೆ ಒಮ್ಮೆ ಗಾಜಿನಂತೆ ಅರೆಪಾರದರ್ಶಕವಾಗಿ ಮತ್ತೆ ಆರಿದ್ದು, ಬೇಗ ಹದಕ್ಕೆ ಬರುತ್ತದೆ. ಜೆಲ್ ಆಗದಂತೆ ತಣ್ಣಗೆ ಇಟ್ಟ ಹಾಲಿನ ಸೋಪು ನಿಧಾನ. ನೀರು ಜಾಸ್ತಿ ಹಾಕಿದ್ದರೂ ನಿಧಾನವೇ.

ಹಾಗಾದರೆ ಹದ ಗೊತ್ತಾಗುವುದು ಹೇಗೆ? ಕೈಗೆ ಗ್ಲೌಸ್ ಹಾಕಿಕೊಳ್ಳಿ. ಹೊಸ ಸೋಪಿನಲ್ಲಿ ಕ್ಷಾರ ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಬರಿಗೈ ಉರಿಯುತ್ತದೆ. ದಿಮ್ಮಿಯ ಮೂಲೆಯ ಹತ್ತಿರ, ಆಮೇಲೆ ಹೇಗೂ ಕತ್ತರಿಸಿ ತೆಗೆಯುವ ಜಾಗದಲ್ಲಿ, ಹೆಬ್ಬೆರಳಿನಿಂದ ಒತ್ತಿ. ಬೆರಳು ಒಳಗೆ ಇಳಿದರೆ ಅಥವಾ ಸೋಪು ಗ್ಲೌಸಿಗೆ ಅಂಟಿ ಎದ್ದು ಬಂದರೆ ಇನ್ನೂ ಆಗಿಲ್ಲ. ಗಟ್ಟಿ ನೆಲದ ಹಾಗೆ ಒಂದಿಷ್ಟೂ ಬಿಟ್ಟುಕೊಡದಿದ್ದರೆ ಹದ ಮೀರುತ್ತಿದೆ. ಜೋರಾಗಿ ಒತ್ತಿದಾಗ ಮಾತ್ರ ಸಣ್ಣ ಗುರುತು ಬೀಳಬೇಕು, ಗ್ಲೌಸಿಗೆ ಏನೂ ಅಂಟಬಾರದು. ಅದೇ ಹದ.

ಇನ್ನೂ ನಂಬಿಕೆಯ ಪರೀಕ್ಷೆ ಒಂದಿದೆ. ತುದಿಯಿಂದ ಅರ್ಧ ಸೆಂ.ಮೀ. ತೆಳ್ಳಗೆ ಒಂದು ಹೋಳು ತೆಗೆಯಿರಿ. ಅದನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸಿ. ಸ್ವಲ್ಪ ಬಗ್ಗಿ ಆಮೇಲೆ ಮುರಿದರೆ ಒಳ್ಳೆಯ ಸಮಯ, ಕೂಡಲೇ ಶುರು ಮಾಡಿ. ಮುರಿಯದೆ ಜೋತುಬಿದ್ದರೆ ಇನ್ನೂ ಕೆಲವು ಗಂಟೆ ಬಿಡಿ. ಬಗ್ಗದೆ ಟಕ್ಕಂತ ಮುರಿದರೆ ತಡವಾಗಿದೆ ಅಂತ ಅರ್ಥ. ತಡವಾದ ದಿಮ್ಮಿಯನ್ನು ಎಸೆಯಬೇಕಾಗಿಲ್ಲ. ಒಂದೆರಡು ಗಂಟೆ ಬೆಚ್ಚಗಿನ ಜಾಗದಲ್ಲಿಟ್ಟು, ಒಳಗಿನವರೆಗೂ ಬೆಚ್ಚಗಾದ ಮೇಲೆ ನಿಧಾನಕ್ಕೆ ಕತ್ತರಿಸಿ. ಚಕ್ಕೆ ಏಳುವುದು ಎಷ್ಟೋ ಕಡಿಮೆಯಾಗುತ್ತದೆ.

ಮೆತ್ತಗಿನ ಸೋಪಿನಿಂದ ಬೇಸತ್ತವರು ಸೋಡಿಯಂ ಲ್ಯಾಕ್ಟೇಟ್ ದ್ರಾವಣ ಬಳಸಿ ನೋಡಬಹುದು. 450 ಗ್ರಾಂ ಎಣ್ಣೆಗೆ ಒಂದು ಟೀ ಚಮಚದಂತೆ, ತಣ್ಣಗಾದ ಕಾಸ್ಟಿಕ್ ನೀರಿಗೆ ಬೆರೆಸಬೇಕು. ದಿಮ್ಮಿ ಬೇಗ ಬಿಗಿಯಾಗುತ್ತದೆ, ಅಚ್ಚಿನಿಂದ ಸಲೀಸಾಗಿ ಬರುತ್ತದೆ. ಜಾಸ್ತಿ ಹಾಕಿದರೆ ಮಾತ್ರ ಕತ್ತರಿಸುವಾಗ ಪುಡಿಪುಡಿಯಾಗುತ್ತದೆ.

ಅಚ್ಚಿನಿಂದ ತೆಗೆದು ತೂಗುವುದು

ಅಚ್ಚಿನ ಗೋಡೆಯನ್ನು ನಾಲ್ಕೂ ಕಡೆ ಮೆಲ್ಲಗೆ ಹೊರಗೆ ಎಳೆದು ಗಾಳಿ ಹೋಗಲು ಬಿಡಿ. ಅಂಟಿಕೊಂಡಿದ್ದರೆ ಬಲವಂತ ಮಾಡಬೇಡಿ. ಒಂದೆರಡು ಗಂಟೆ ಫ್ರೀಜರ್‌ನಲ್ಲಿಟ್ಟರೆ ಬಿಟ್ಟುಕೊಳ್ಳುತ್ತದೆ. ಹೊರಗೆ ಬಂದಾಗ ಮೈಯೆಲ್ಲ ಬೆವರಿದಂತೆ ನೀರು ಕೂರುತ್ತದೆ. ಒರೆಸಲು ಹೋಗದೆ ಹಾಗೇ ಆರಲು ಬಿಡಿ, ಒರೆಸಿದರೆ ಮೇಲ್ಮೈ ಕದಡುತ್ತದೆ. ಪೂರ್ತಿ ಮಾಮೂಲಿ ಬಿಸುಪಿಗೆ ಬಂದ ಮೇಲೆಯೇ ಕತ್ತರಿಸಿ. ತಣ್ಣಗಿನ ಸೋಪು ಸೀಳು ಬಿಡುತ್ತದೆ.

ಈಗ ದಿಮ್ಮಿಯನ್ನು ಡಿಜಿಟಲ್ ತಕ್ಕಡಿಯ ಮೇಲಿಡಿ. ತೂಕ ಬರೆದುಕೊಳ್ಳಿ. ಉದ್ದ ಅಳೆಯಿರಿ. ನನ್ನ ಮಾಮೂಲಿ ದಿಮ್ಮಿಯ ಲೆಕ್ಕವನ್ನೇ ಹೇಳುತ್ತೇನೆ. ತೂಕ 1,250 ಗ್ರಾಂ, ಉದ್ದ 26 ಸೆಂ.ಮೀ. ಭಾಗಿಸಿದರೆ ಒಂದು ಸೆಂ.ಮೀ.ಗೆ ಸುಮಾರು 48 ಗ್ರಾಂ. ಅಂದರೆ ಒಂದು ಮಿ.ಮೀ. ಆಚೀಚೆ ಆದರೆ ಹೆಚ್ಚುಕಡಿಮೆ 5 ಗ್ರಾಂ ವ್ಯತ್ಯಾಸ! ಈ ಲೆಕ್ಕ ಮೊದಲ ಸಲ ಹಾಕಿದಾಗ ಕಣ್ಣಳತೆಯನ್ನು ಅಲ್ಲಿಗೇ ಬಿಟ್ಟೆ.

ಪೊಟ್ಟಣದ ಮೇಲೆ 100 ಗ್ರಾಂ ಅಂತ ಬರೆಯಬೇಕು ಅಂದುಕೊಳ್ಳಿ. ಇವತ್ತು 100 ಗ್ರಾಂಗೆ ಕತ್ತರಿಸಿದರೆ ಒಣಗಿದ ಮೇಲೆ ಅದು 100 ಇರುವುದಿಲ್ಲ. ನಾಲ್ಕರಿಂದ ಆರು ವಾರ ಒಣಗುವಾಗ ನೀರು ಆರಿ ತೂಕ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ನೀವು ಹಾಕಿದ ನೀರು, ಹವೆ, ಒಣಗಿಸಿದ ದಿನ ಇವುಗಳ ಮೇಲೆ ಹೋಗುತ್ತದೆ. ನನ್ನ ಸೋಪು ಸುಮಾರು ಶೇಕಡ 12 ಇಳಿಯುತ್ತದೆ. ನಿಮ್ಮದನ್ನು ನೀವೇ ಕಂಡುಕೊಳ್ಳಿ. ಒಂದು ಬ್ಯಾಚಿನ ಎರಡು ಬಾರ್‌ಗಳಿಗೆ ಗುರುತು ಹಾಕಿ, ಕತ್ತರಿಸಿದ ದಿನದಿಂದ ವಾರಕ್ಕೊಮ್ಮೆ ತೂಗಿ ಬರೆಯುತ್ತಾ ಹೋಗಿ. ಆರು ವಾರಕ್ಕೆ ನಿಮ್ಮ ಸೋಪಿನ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಶೇಕಡ 12 ಇಳಿದು 100 ಗ್ರಾಂ ಉಳಿಯಬೇಕಾದರೆ 100ನ್ನು 0.88ರಿಂದ ಭಾಗಿಸಬೇಕು, ಸುಮಾರು 114 ಗ್ರಾಂ. ಅಂಚು ಸವರುವಾಗ ಎರಡು ಗ್ರಾಂ ಹೋಗುತ್ತದೆ, ಕತ್ತರಿಸುವಾಗ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಹಾಗಾಗಿ 118 ಗ್ರಾಂ ಇಟ್ಟುಕೊಳ್ಳುತ್ತೇನೆ. 118ನ್ನು 48ರಿಂದ ಭಾಗಿಸಿದರೆ 2.46 ಸೆಂ.ಮೀ. ಸರಿಯಾಗಿ 25 ಮಿ.ಮೀ. ಅಂತ ಮಾಡಿಕೊಂಡರೆ ಬಾರ್ 120 ಗ್ರಾಂ. ಎರಡು ತುದಿಯಲ್ಲಿ ಐದೈದು ಮಿ.ಮೀ. ತೆಗೆದರೆ ಉಳಿದ 25 ಸೆಂ.ಮೀ.ಗೆ ಹತ್ತು ಬಾರ್. ಕೊಳ್ಳುವವರಿಗೆ ಮೂರು ನಾಲ್ಕು ಗ್ರಾಂ ಜಾಸ್ತಿಯೇ ಹೋಗುತ್ತದೆ, ಹೋಗಲಿ. ಕಡಿಮೆ ಹೋಗಬಾರದು ಅಷ್ಟೇ. ನಿವ್ವಳ ತೂಕವನ್ನು ಎಲ್ಲಿ, ಹೇಗೆ ಬರೆಯಬೇಕು ಅನ್ನುವುದಕ್ಕೆ ನೀವು ಮಾರುವ ಜಾಗದ ನಿಯಮ ನೋಡಿಕೊಳ್ಳಿ.

ಚಾಕುವೋ ತಂತಿಯೋ

ಎರಡರಿಂದಲೂ ಆಗುತ್ತದೆ. ಚಾಕುವಾದರೆ ಹಲ್ಲಿಲ್ಲದ್ದು, ತೆಳ್ಳಗಿನದು, ದಿಮ್ಮಿಯ ಅಗಲಕ್ಕಿಂತ ಉದ್ದದ್ದು ಇರಲಿ. ದಪ್ಪ ಚಾಕು ಸೋಪಿನೊಳಗೆ ಇಳಿಯುವಾಗ ಬೆಣೆ ಹೊಡೆದ ಹಾಗೆ ಎರಡು ಕಡೆಗೂ ತಳ್ಳುತ್ತದೆ. ಬಾರ್ ಬಾಗುವುದು, ಸೀಳುವುದು ಅದರಿಂದಲೇ. ಹಿಟ್ಟು ಕತ್ತರಿಸುವ ಅಗಲ ಸ್ಟೀಲ್ ಸ್ಕ್ರೇಪರ್ ಚಾಕುವಿಗಿಂತ ಎಷ್ಟೋ ಮೇಲು. ಅದರ ಹಿಡಿ ಮೇಲೆ ಇರುವುದರಿಂದ ಎರಡೂ ಕೈಯಿಂದ ಒಂದೇ ಸಮ ಒತ್ತಬಹುದು. ಅಲ್ಯೂಮಿನಿಯಂ ಸಾಮಾನು ಮಾತ್ರ ಬೇಡ, ಹೊಸ ಸೋಪಿನ ಕ್ಷಾರ ಅದನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ.

ಸುಮ್ನೆ ಮೇಜಿನ ಮೇಲಿಟ್ಟು ಕತ್ತರಿಸುವ ಬದಲು ಮೂರು ಗೋಡೆಯ ಮರದ ಪೆಟ್ಟಿಗೆ ಮಾಡಿಸಿಕೊಳ್ಳಿ. ಉದ್ದಕ್ಕೆ ಎರಡು ಗೋಡೆ, ಒಂದು ತುದಿಯಲ್ಲಿ ಒಂದು. ಆ ತುದಿಯಿಂದ ಸರಿಯಾಗಿ 25 ಮಿ.ಮೀ. ದೂರದಲ್ಲಿ ಎರಡೂ ಉದ್ದ ಗೋಡೆಗಳಲ್ಲಿ ಎದುರುಬದುರು ಗರಗಸದ ಸೀಳು. ಚಾಕು ಆ ಸೀಳಿನಲ್ಲಿ ಇಳಿಯುತ್ತದೆ, ಆಚೀಚೆ ವಾಲಲು ಜಾಗವೇ ಇರುವುದಿಲ್ಲ. ಮರದ ಕೆಲಸದವರ ಹತ್ತಿರ ಹೇಳುವಾಗ ಸೀಳು ಮೂಲೆಮಟ್ಟಕ್ಕೆ ಸರಿ ಇರಬೇಕು ಅಂತ ಒತ್ತಿ ಹೇಳಿ. ಅದು ಓರೆಯಾದರೆ ಪ್ರತಿ ಬಾರ್ ಕೂಡ ಓರೆ.

ತಿಂಗಳಿಗೆ ಒಂದೆರಡು ದಿಮ್ಮಿಗಿಂತ ಜಾಸ್ತಿ ಮಾಡುವವರಿಗೆ ತಂತಿಯ ಕಟರ್ ಒಳ್ಳೆಯದು. ಅದರಲ್ಲಿರುವುದು ಗಿಟಾರ್ ತಂತಿಯಂಥ ತೆಳ್ಳನೆಯ ಸ್ಟೀಲ್ ತಂತಿ. ಅಷ್ಟು ತೆಳ್ಳಗಿರುವುದರಿಂದ ಸೋಪನ್ನು ತಳ್ಳುವುದಿಲ್ಲ, ಕತ್ತರಿಸಿದ ಮುಖ ನುಣ್ಣಗೆ ಬರುತ್ತದೆ. ಒಂದೇ ತಂತಿಯದಕ್ಕೆ ಎದುರಿಗೆ ಸರಿಸುವ ತಡೆ ಇರುತ್ತದೆ, ದಪ್ಪವನ್ನು ಬೇಕಾದ ಹಾಗೆ ಬದಲಾಯಿಸಬಹುದು. ಹತ್ತು ತಂತಿ ಒಟ್ಟಿಗೆ ಇರುವುದು ಒಂದೇ ಸಲಕ್ಕೆ ಇಡೀ ದಿಮ್ಮಿ ಕತ್ತರಿಸುತ್ತದೆ, ಆದರೆ ಅದಕ್ಕೆ ಸೋಪು ಸ್ವಲ್ಪ ಮೆತ್ತಗಿರಬೇಕು, ದಪ್ಪವನ್ನೂ ಬದಲಾಯಿಸಲಾಗುವುದಿಲ್ಲ. ಬೇರೆ ಬೇರೆ ಸೋಪು ಮಾಡುವವರಿಗೆ ಒಂದೇ ತಂತಿಯದೇ ವಾಸಿ ಅಂತ ನನ್ನ ಅಭಿಪ್ರಾಯ.

ತಂತಿ ಸಡಿಲವಾಗಿದ್ದರೆ ಸೋಪಿನ ನಡುವಿನಲ್ಲಿ ಬಿಲ್ಲಿನ ಹಾಗೆ ಬಾಗುತ್ತದೆ. ಬಾರ್‌ನ ಒಂದು ಮುಖ ಉಬ್ಬು, ಇನ್ನೊಂದು ತಗ್ಗು. ಶುರು ಮಾಡುವ ಮುಂಚೆ ಬೆರಳಿನಿಂದ ಮೀಟಿ ನೋಡಿ. ಟಿಣ್ ಅನ್ನಬೇಕು. ಡಬ್ ಅಂದರೆ ಬಿಗಿ ಮಾಡಿ. ಎರಡು ತಂತಿ ಹೆಚ್ಚಿಗೆ ಇಟ್ಟುಕೊಂಡಿರಿ, ಅರ್ಧ ದಿಮ್ಮಿಯಲ್ಲಿ ಕಿತ್ತುಹೋಗುವುದುಂಟು.

ಕತ್ತರಿಸುವಾಗ

ಪೆಟ್ಟಿಗೆಯೋ ತಡೆಯೋ ಇಲ್ಲದೆ ಬರೀ ಚಾಕುವಿನಿಂದ ಕತ್ತರಿಸುವವರು ತುದಿ ತೆಗೆದ ಮೇಲೆ ಎಲ್ಲ ಗುರುತುಗಳನ್ನೂ ಮೊದಲೇ ಹಾಕಿಬಿಡಿ. ಅಳತೆಪಟ್ಟಿಯನ್ನು ಒಂದೇ ಸಲ ಇಟ್ಟು, ಅಲುಗಾಡಿಸದೆ, 25, 50, 75 ಅಂತ ಸೂಜಿಯಿಂದ ಗೀರು ಹಾಕಿ. ಒಂದು ಬಾರ್ ಕತ್ತರಿಸಿ, ಅದರ ಅಂಚಿನಿಂದ ಮುಂದಿನದನ್ನು ಅಳೆಯುತ್ತಾ ಹೋದರೆ ತಪ್ಪಿನ ಮೇಲೆ ತಪ್ಪು ಸೇರಿ ಕೊನೆಯ ಬಾರ್‌ಗೆ ಸೋಪೇ ಸಾಲುವುದಿಲ್ಲ. ಮೂಲೆಮಟ್ಟ ಇಟ್ಟು ಗೀರನ್ನು ಎರಡೂ ಬದಿಗೆ ಕೆಳಗಿನವರೆಗೆ ಎಳೆಯಿರಿ. ಚಾಕು ಇಳಿಯುವಾಗ ಆ ಗೀರು ನೋಡಿಕೊಂಡೇ ಇಳಿಸಿ.

ಮೊದಲು ತುದಿ ತೆಗೆದು ನೇರ ಮುಖ ಮಾಡಿಕೊಳ್ಳಿ. ಆಮೇಲೆ ಆ ಮುಖವನ್ನು ತಡೆಗೆ ಒತ್ತಿ ಹಿಡಿದು, ನಿಂತುಕೊಂಡು, ಮೇಲಿನಿಂದ ನೇರವಾಗಿ ಕೆಳಗೆ ಒಂದೇ ಒತ್ತು. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಡಿ. ಅವಸರ ಬೇಡ, ನಡುವಿನಲ್ಲಿ ನಿಲ್ಲಿಸುವುದೂ ಬೇಡ. ನಿಂತ ಜಾಗದಲ್ಲಿ ಅಡ್ಡಗೆರೆ ಉಳಿಯುತ್ತದೆ. ಪ್ರತಿ ಬಾರ್ ಆದ ಮೇಲೆ ಚಾಕು ಅಥವಾ ತಂತಿಯನ್ನು ಒಣಬಟ್ಟೆಯಿಂದ ಒರೆಸಿ, ತಡೆಯ ಹತ್ತಿರ ಬಿದ್ದ ಚೂರುಗಳನ್ನು ಗುಡಿಸಿ. ಒಂದು ಸಣ್ಣ ಚೂರು ತಡೆಗೂ ಸೋಪಿಗೂ ನಡುವೆ ಸಿಕ್ಕಿಕೊಂಡರೆ ಆ ಬಾರ್ ಒಂದು ಮಿ.ಮೀ. ತೆಳ್ಳಗಾಗುತ್ತದೆ. ಐದು ಗ್ರಾಂ ಹೋಯಿತು.

ಮೇಲೆ ಹೂವಿನ ಎಸಳು, ಬೀಜ ಉದುರಿಸಿದ ಸೋಪನ್ನು ಮೇಲಿನಿಂದ ಕತ್ತರಿಸಿದರೆ ಚಾಕು ಅವನ್ನು ಕೆಳಗಿನವರೆಗೆ ಎಳೆದುಕೊಂಡು ಹೋಗುತ್ತದೆ. ಬಿಳಿ ಮುಖದ ತುಂಬ ಕಂದು ಗೀರು. ಇಂಥ ದಿಮ್ಮಿಯನ್ನು ಪಕ್ಕಕ್ಕೆ ಮಲಗಿಸಿ ಕತ್ತರಿಸಿ. ತಂತಿ ಒಂದು ಬದಿಯಿಂದ ಒಳಹೋಗಿ ಇನ್ನೊಂದು ಬದಿಯಿಂದ ಬರುತ್ತದೆ, ಎಸಳು ಮೇಲಂಚಿನಲ್ಲೇ ಉಳಿಯುತ್ತದೆ.

ಮೂರು ಬಾರ್ ಆದ ಮೇಲೆ ನಿಲ್ಲಿಸಿ ಒಂದು ಪರೀಕ್ಷೆ ಮಾಡಿ. ಮೊದಲು ತೂಗಿ. ಮೂರೂ 118ರಿಂದ 122ರ ಒಳಗಿದ್ದರೆ ಸರಿ. ಆಮೇಲೆ ಎರಡು ಬಾರ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ, ಒಂದನ್ನು ತಲೆಕೆಳಗು ಮಾಡಿ, ಕತ್ತರಿಸಿದ ಮುಖಗಳನ್ನು ಒಂದಕ್ಕೊಂದು ತಾಗಿಸಿ. ನಿಮ್ಮ ಕೈ ನೇರ ಇದ್ದರೆ ನಡುವೆ ಬೆಳಕು ಕಾಣುವುದಿಲ್ಲ. ಸ್ವಲ್ಪ ವಾಲಿದ್ದರೂ ಬೆಣೆಯಾಕಾರದ ಸಂದು ಕಾಣುತ್ತದೆ, ಯಾಕೆಂದರೆ ತಲೆಕೆಳಗು ಮಾಡಿದಾಗ ಓರೆ ಎರಡರಷ್ಟಾಗಿ ಕಾಣುತ್ತದೆ. ಮೂರಕ್ಕೇ ಗೊತ್ತಾದರೆ ಉಳಿದ ಏಳನ್ನು ಉಳಿಸಿಕೊಳ್ಳಬಹುದು, ಅಲ್ವಾ? ನಾನು ಈಗಲೂ ಪ್ರತಿ ದಿಮ್ಮಿಗೆ ಇದನ್ನು ಮಾಡುತ್ತೇನೆ.

ಕತ್ತರಿಸಿದ ಮುಖ ನೋಡಿ

ಬಾರ್‌ನ ಒಳಗೇನಿದೆ ಅನ್ನುವುದು ಕತ್ತರಿಸಿದಾಗಲೇ ಗೊತ್ತಾಗುವುದು. ನಡುವಿನಲ್ಲಿ ಗಾಢ ಬಣ್ಣದ ದುಂಡು, ಸುತ್ತ ತಿಳಿ ಬಣ್ಣ ಇದ್ದರೆ ಅರ್ಧ ಮಾತ್ರ ಜೆಲ್ ಆಗಿದೆ. ನೋಡಲು ಚೆಂದವಿಲ್ಲ, ಬಳಸಲು ತೊಂದರೆಯಿಲ್ಲ. ಗಾಜಿನಂಥ ಗೆರೆಗಳು ಹರಿದಿದ್ದರೆ ಅವು ಗ್ಲಿಸರಿನ್ ಗೆರೆಗಳು, ಅವೂ ಪರವಾಗಿಲ್ಲ. ಮೇಲ್ಮೈಯಲ್ಲಿ ತೆಳ್ಳನೆಯ ಬಿಳಿ ಪುಡಿ ಕೂತಿದ್ದರೆ ಅದು ಸೋಡಾ ಆ್ಯಶ್, ಹಬೆ ಹಿಡಿದರೆ ಹೋಗುತ್ತದೆ.

ಆದರೆ ಗುಳಿಯಿಂದ ನೀರಿನಂಥದ್ದು ಜಿನುಗುತ್ತಿದ್ದರೆ, ಅಥವಾ ಸುಣ್ಣದ ಹರಳಿನಂಥ ಗಟ್ಟಿ ಬಿಳಿ ಗಂಟುಗಳಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಬೆರೆಯದೆ ಉಳಿದ ಕಾಸ್ಟಿಕ್ ಇರಬಹುದು, ಚರ್ಮ ಸುಡುತ್ತದೆ. ಒಂದು ಬಾರ್‌ನಲ್ಲಿ ಕಂಡರೆ ಇಡೀ ದಿಮ್ಮಿಯನ್ನು ಮಾರಾಟದಿಂದ ತೆಗೆದಿಡಿ. ಕಂಡ ಬಾರ್ ಬಿಟ್ಟು ಉಳಿದದ್ದನ್ನು ಮಾರುವ ಆಲೋಚನೆಯೇ ಬೇಡ. ಬೇರೆಯವರ ಮೈಗೆ ಹಚ್ಚುವ ಸಾಮಾನು ಇದು.

ಒಣಗಿಸುವುದು, ಅಂಚು ಸವರುವುದು

ಬಾರ್‌ಗಳನ್ನು ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ಗಾಳಿಯಾಡುವ ಕಡೆ, ಬಿಸಿಲು ಬೀಳದ ಹಾಗೆ ನಿಲ್ಲಿಸಿ. ಬರಿ ಕಬ್ಬಿಣದ ಜಾಲರಿಯ ಮೇಲೆ ನೇರವಾಗಿ ಇಡಬೇಡಿ, ತಾಗಿದ ಜಾಗದಲ್ಲಿ ಕಿತ್ತಳೆ ಬಣ್ಣದ ಕಲೆ ಏಳಬಹುದು. ಕಾಗದ ಹಾಸಿಕೊಳ್ಳಿ. ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ತಿರುಗಿಸಿ. ತಿರುಗಿಸದೆ ಬಿಟ್ಟ ಬಾರ್ ಒಂದು ಕಡೆ ಬೇಗ ಒಣಗಿ ಬಾಗುತ್ತದೆ. ನೇರವಾಗಿ ಕತ್ತರಿಸಿದ ಶ್ರಮ ಅಲ್ಲಿಗೆ ಹೋಯಿತು.

ಅಂಚು ಸವರಲು ಕತ್ತರಿಸಿದ ದಿನವೇ ಕೂರಬೇಡಿ. ಮೂರರಿಂದ ಏಳು ದಿನ ಕಳೆದು ಮೇಲ್ಮೈ ಸ್ವಲ್ಪ ಬಿಗಿದ ಮೇಲೆ ಪೀಲರ್‌ನಿಂದ ಪ್ರತಿ ಅಂಚಿಗೆ ಒಂದೇ ಎಳೆತ. ಸುರುಳಿ ಸುರುಳಿಯಾಗಿ ಎದ್ದು ಬಂದರೆ ಸಮಯ ಸರಿಯಾಗಿದೆ. ಅಂಟಿಕೊಂಡು ಬಂದರೆ ಇನ್ನೆರಡು ದಿನ ಬಿಡಿ, ಪುಡಿ ಉದುರಿದರೆ ತಡವಾಗಿದೆ. ಚೂಪು ಅಂಚು ಹೋದ ಬಾರ್ ಸಾಗಿಸುವಾಗ ಚಕ್ಕೆ ಏಳುವುದಿಲ್ಲ, ಕೈಗೂ ಹಿತವಾಗಿರುತ್ತದೆ. ನಿಮ್ಮ ಹೆಸರಿನ ಮುದ್ರೆ ಒತ್ತುವುದಿದ್ದರೆ ಅಂಚು ಸವರುವ ಮುಂಚೆ, ಸೋಪು ಇನ್ನೂ ಮಣಿಯುವಾಗ ಒತ್ತಿ.

ಪೊಟ್ಟಣ ಕಟ್ಟುವ ದಿನ ಪ್ರತಿಯೊಂದನ್ನೂ ಮತ್ತೆ ತೂಗಿ. ಹತ್ತರಲ್ಲಿ ಒಂದನ್ನು ಮಾತ್ರ ತೂಗಿದರೆ ಸಾಲದು. 100 ಗ್ರಾಂಗಿಂತ ಕಡಿಮೆ ಇದ್ದದ್ದನ್ನು ಆ ಪೊಟ್ಟಣಕ್ಕೆ ಹಾಕಬೇಡಿ. ಅದನ್ನು ನಾಲ್ಕು ತುಂಡು ಮಾಡಿ ಹೊಸಬರಿಗೆ ಮಾದರಿಯಾಗಿ ಕೊಡಿ. ತುದಿಯ ಹೋಳು, ಪೀಲರ್‌ನ ಸುರುಳಿ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಬಣ್ಣವಾರು ಕೂಡಿಡಿ. ನಾನು ಹೀಗೆ ಕೂಡಿಟ್ಟ ಸುರುಳಿಗಳನ್ನು ಸಣ್ಣಗೆ ತುರಿದು ಮುಂದಿನ ಬಿಳಿ ಸೋಪಿಗೆ ಬೆರೆಸುತ್ತೇನೆ. ಆ ದಿಮ್ಮಿಯನ್ನು ಕತ್ತರಿಸಿದಾಗ ಒಂದೊಂದು ಮುಖದಲ್ಲೂ ಬಣ್ಣದ ಚುಕ್ಕೆಗಳು ಬೇರೆ ಬೇರೆ ಕಡೆ ಬಿದ್ದಿರುತ್ತವೆ, ತೂಕ ಮಾತ್ರ ಹತ್ತಕ್ಕೆ ಹತ್ತೂ ಒಂದೇ ಇರುತ್ತದೆ.